ಭಾರಲೋಹ, ಕಿಣ್ವ ಮತ್ತು ನರಗಳ ಸವೆತ: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ಜೀವರಸಾಯನಶಾಸ್ತ್ರ ಕಲಿಸುತ್ತ, ಬಿಡುವಾದಾಗ ಪಾಂಡವಪುರ, ಮದ್ದೂರು, ಮಳವಳ್ಳಿ ಕಡೆಯ ಊರುಗಳಿಗೆ ಆರೋಗ್ಯದ ವಿಚಾರ ಮಾತನಾಡಲು ಹೋಗುವ ನನ್ನ ಕೈಗೆ ಬರುವ ಚೀಟಿಗಳಲ್ಲಿ ಕೆಲವು ಪ್ರಶ್ನೆಗಳು ವರ್ಷ ವರ್ಷವೂ ಮರಳಿ ಬರುತ್ತವೆ. ಅವನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಸಾಬೀತಾದದ್ದು ಯಾವುದು, ಇನ್ನೂ ಅನುಮಾನದ ಹಂತದಲ್ಲಿರುವುದು ಯಾವುದು ಎಂಬುದನ್ನು ಬೇರೆ ಬೇರೆಯಾಗಿಯೇ ಹೇಳಿದ್ದೇನೆ. ಅವೆರಡನ್ನೂ ಕಲಸಿಬಿಡುವುದರಿಂದಲೇ ನಮ್ಮ ಜನ ಹೆದರಬೇಕಾದ ಕಡೆ ಹೆದರದೆ, ಹೆದರಬೇಕಿಲ್ಲದ ಕಡೆ ನಿದ್ದೆಗೆಡುತ್ತಾರೆ.

ಭಾರಲೋಹ ಎಂದರೆ ಯಾವುವು?

ಸೀಸ, ಪಾದರಸ, ಕ್ಯಾಡ್ಮಿಯಂ ಇವು ಸಾಮಾನ್ಯವಾಗಿ ಈ ಹೆಸರಿನಲ್ಲಿ ಸೇರುತ್ತವೆ. ಆರ್ಸೆನಿಕ್ ಪೂರ್ತಿ ಲೋಹವಲ್ಲದಿದ್ದರೂ ಅದರ ವಿಷದ ರೀತಿ ಇವುಗಳಂತೆಯೇ ಇರುವುದರಿಂದ ಜೊತೆಯಲ್ಲೇ ಎಣಿಸುತ್ತಾರೆ. ತಾಮ್ರ, ಸತು, ಕಬ್ಬಿಣ, ಮ್ಯಾಂಗನೀಸ್ ದೇಹಕ್ಕೆ ಬೇಕೇಬೇಕಾದವು. ಆದರೆ ಪ್ರಮಾಣ ಮೀರಿದರೆ ಅವೂ ಕೆಡುಕು ಮಾಡುತ್ತವೆ. ಅಲ್ಯೂಮಿನಿಯಂ ಹಗುರವಾದ ಲೋಹ, ಅದರ ಮಾತು ಮುಂದೆ ಬರುತ್ತದೆ.

ಕಿಣ್ವಕ್ಕೂ ಲೋಹಕ್ಕೂ ಏನು ಸಂಬಂಧ?

ಜೀವಕೋಶದಲ್ಲಿ ನಡೆಯುವ ಹೆಚ್ಚುಕಡಿಮೆ ಪ್ರತಿಯೊಂದು ರಾಸಾಯನಿಕ ಕೆಲಸವನ್ನೂ ವೇಗವಾಗಿ ಮಾಡಿಸುವ ಪ್ರೋಟೀನುಗಳಿಗೆ ಕಿಣ್ವ ಎನ್ನುತ್ತೇವೆ. ಇವುಗಳಲ್ಲಿ ಹಲವು ತಮ್ಮ ಮಡಿಲಿನಲ್ಲಿ ಒಂದು ಲೋಹದ ಕಣವನ್ನು ಕೂರಿಸಿಕೊಂಡಿರುತ್ತವೆ. ಅದಿಲ್ಲದೆ ಕೆಲಸ ನಡೆಯದು. ರಕ್ತದಲ್ಲಿರುವ ಕಾರ್ಬಾನಿಕ್ ಅನ್‌ಹೈಡ್ರೇಸ್ ಎಂಬ ಕಿಣ್ವ ಒಂದೇ ಒಂದು ಸತುವಿನ ಕಣದ ಬಲದಿಂದ ಸೆಕೆಂಡಿಗೆ ಸುಮಾರು 10 ಲಕ್ಷ ಇಂಗಾಲದ ಡೈಆಕ್ಸೈಡ್ ಅಣುಗಳನ್ನು ಪರಿವರ್ತಿಸಬಲ್ಲದು. ಮಿದುಳಿನಲ್ಲಿ ಡೋಪಮಿನ್ ಎಂಬ ಸಂದೇಶವಾಹಕ ತಯಾರಾಗಲು ಬೇಕಾದ ಟೈರೋಸಿನ್ ಹೈಡ್ರಾಕ್ಸಿಲೇಸ್ ಕಿಣ್ವದ ಮಡಿಲಲ್ಲಿ ಕಬ್ಬಿಣವಿದೆ. ಜೀವಕೋಶ ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಉಸಿರಾಟದ ಸರಪಳಿಯ ಕೊನೆಯ ಕಿಣ್ವದಲ್ಲಿ ತಾಮ್ರ, ಕಬ್ಬಿಣ ಎರಡೂ ಇವೆ. ಎಂದಮೇಲೆ ದೇಹದಲ್ಲಿ ಲೋಹ ಇದೆಯೇ ಎಂದು ಕೇಳಿ ಪ್ರಯೋಜನವಿಲ್ಲ. ಯಾವ ಲೋಹ, ಯಾರ ಜಾಗದಲ್ಲಿ ಕುಳಿತಿದೆ ಎಂದು ಕೇಳಬೇಕು.

ವಿಷದ ಲೋಹ ಕಿಣ್ವವನ್ನು ಕೆಡಿಸುವುದು ಹೇಗೆ?

ಚುನಾವಣೆಯ ದಿನ ಬೆರಳಿಗೆ ಹಚ್ಚುವ ಶಾಯಿಯನ್ನು ನೆನಪು ಮಾಡಿಕೊಳ್ಳಿ. 1962ರಿಂದ ದೇಶಕ್ಕೆಲ್ಲ ಆ ಶಾಯಿ ಹೋಗುತ್ತಿರುವುದು ನಮ್ಮ ಮೈಸೂರಿನ ಬಣ್ಣದ ಕಾರ್ಖಾನೆಯಿಂದಲೇ. ಅದರಲ್ಲಿರುವ ಸಿಲ್ವರ್ ನೈಟ್ರೇಟಿನ ಬೆಳ್ಳಿ ಚರ್ಮದ ಪ್ರೋಟೀನನ್ನೂ ಬೆವರಿನ ಉಪ್ಪನ್ನೂ ಹಿಡಿದುಕೊಂಡು, ಬೆಳಕು ಬಿದ್ದಂತೆ ಕಪ್ಪಾಗುತ್ತದೆ. ಸೋಪು ಹಾಕಿ ಉಜ್ಜಿದರೂ, ನಿಂಬೆಹುಳಿ ತಿಕ್ಕಿದರೂ ಜಗ್ಗುವುದಿಲ್ಲ. ಆ ಚರ್ಮ ಉದುರಿ ಹೊಸದು ಬರಬೇಕು, ಉಗುರು ಬೆಳೆದು ಕತ್ತರಿಸಿ ಹೋಗಬೇಕು. ಕಿಣ್ವವೂ ಪ್ರೋಟೀನೇ. ಅದನ್ನು ಲೋಹ ಹಿಡಿದಾಗಲೂ ಹೆಚ್ಚಿನ ಸಂದರ್ಭದಲ್ಲಿ ಇದೇ ಕಥೆ: ಕೆಟ್ಟ ಕಿಣ್ವ ರಿಪೇರಿಯಾಗುವುದು ಕಡಿಮೆ, ಅದರ ಬದಲಿಗೆ ಹೊಸದನ್ನು ಜೀವಕೋಶ ತಯಾರಿಸಬೇಕು.

ಪದವಿ ತರಗತಿಯಲ್ಲಿ ಇದನ್ನು ಕಣ್ಣಾರೆ ತೋರಿಸುವ ಹಳೆಯ ಪ್ರಯೋಗವೊಂದಿದೆ. ಎರಡು ಗಾಜಿನ ನಳಿಗೆಗಳಲ್ಲಿ ತೆಳುವಾದ ಅಕ್ಕಿಗಂಜಿ ಹಾಕಿ, ಎರಡಕ್ಕೂ ಸ್ವಲ್ಪ ಎಂಜಲು ಬೆರೆಸುತ್ತಾರೆ. ಒಂದಕ್ಕೆ ಮಾತ್ರ ತೋಟಕ್ಕೆ ಹೊಡೆಯುವ ಮೈಲುತುತ್ತದ, ಅಂದರೆ ತಾಮ್ರದ ಸಲ್ಫೇಟಿನ ದ್ರಾವಣ ಸೇರಿಸುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಅಯೋಡಿನ್ ಹನಿಸಿದಾಗ, ಬರೀ ಎಂಜಲು ಸೇರಿದ ಗಂಜಿ ನೀಲಿಯಾಗುವುದಿಲ್ಲ, ಏಕೆಂದರೆ ಎಂಜಲಿನ ಅಮೈಲೇಸ್ ಪಿಷ್ಟವನ್ನು ಆಗಲೇ ಒಡೆದುಬಿಟ್ಟಿರುತ್ತದೆ. ಮೈಲುತುತ್ತ ಬಿದ್ದ ನಳಿಗೆ ಕಡುನೀಲಿಯಾಗುತ್ತದೆ. ಕಿಣ್ವ ಅಲ್ಲೇ ಇದೆ, ಗಂಜಿಯೂ ಅಲ್ಲೇ ಇದೆ, ಕೆಲಸ ಮಾತ್ರ ನಿಂತಿದೆ.

ನಿಲ್ಲಿಸುವ ದಾರಿಗಳು ಹಲವು. ಪಾದರಸಕ್ಕೆ ಗಂಧಕದ ಮೇಲೆ ಮೋಹ ಹೆಚ್ಚು, ಸೆಲೆನಿಯಂ ಮೇಲೆ ಅದಕ್ಕಿಂತಲೂ ಹೆಚ್ಚು. ಆದ್ದರಿಂದ ಜೀವಕೋಶವನ್ನು ಉತ್ಕರ್ಷಣದ ಹಾನಿಯಿಂದ ಕಾಯುವ, ಸೆಲೆನಿಯಂ ಇರುವ ಗ್ಲುಟಾಥಯೋನ್ ಪೆರಾಕ್ಸಿಡೇಸ್‌ನಂಥ ಕಿಣ್ವಗಳನ್ನೇ ಅದು ಹಿಡಿದು ಕೂರಿಸುತ್ತದೆ. ಆರ್ಸೆನಿಕ್ ಲಿಪೋಯಿಕ್ ಆಮ್ಲದ ಎರಡು ಗಂಧಕಗಳ ನಡುವೆ ಸಿಕ್ಕಿಕೊಂಡು, ಸಕ್ಕರೆಯಿಂದ ಶಕ್ತಿ ತೆಗೆಯುವ ಪೈರುವೇಟ್ ಡಿಹೈಡ್ರೋಜಿನೇಸ್ ವ್ಯವಸ್ಥೆಯನ್ನು ಕಟ್ಟಿಹಾಕುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆಕ್ಸ್‌ಫರ್ಡಿನ ರುಡಾಲ್ಫ್ ಪೀಟರ್ಸ್ ಮತ್ತು ಸಂಗಡಿಗರು ಆರ್ಸೆನಿಕ್ ಇರುವ ವಿಷಾನಿಲಕ್ಕೆ ಮದ್ದು ಹುಡುಕುವಾಗ ಇದೇ ತಿಳಿವಳಿಕೆಯನ್ನು ಬಳಸಿ, ಎರಡು ಗಂಧಕಗಳಿರುವ ಡೈಮರ್ಕಾಪ್ರಾಲ್ ಎಂಬ ಔಷಧಿಯನ್ನು ರೂಪಿಸಿದರು. ಆರ್ಸೆನಿಕ್‌ಗೆ ಕಿಣ್ವದ ಗಂಧಕಕ್ಕಿಂತ ರುಚಿಯಾದ ಗಂಧಕವನ್ನು ಮುಂದೊಡ್ಡುವ ಉಪಾಯವದು.

ಸೀಸದ ದಾರಿ ಬೇರೆ. ಅದು ವೇಷ ಹಾಕುತ್ತದೆ. ರಕ್ತದ ಕೆಂಪು ಹೀಮ್ ತಯಾರಾಗುವ ಸಾಲಿನಲ್ಲಿ ‘ಅಲಾಡ್’ ಎಂದು ಚಿಕ್ಕದಾಗಿ ಕರೆಯುವ ಒಂದು ಕಿಣ್ವವಿದೆ. ಅದರ ಮಡಿಲಲ್ಲಿ ಮೂರು ಗಂಧಕಗಳ ನಡುವೆ ಸತು ಕೂತಿರುತ್ತದೆ. ಸೀಸ ಸತುವನ್ನು ಎಬ್ಬಿಸಿ ಆ ಜಾಗದಲ್ಲಿ ತಾನು ಕೂರುತ್ತದೆ, ಆದರೆ ಸತುವಿನ ಕೆಲಸ ಅದಕ್ಕೆ ಬರುವುದಿಲ್ಲ. ಹೀಗಾಗಿ ಒಂದು ಕಡೆ ರಕ್ತಹೀನತೆ; ಇನ್ನೊಂದು ಕಡೆ ಬಳಕೆಯಾಗದೆ ಉಳಿದ ಅಮೈನೊಲೆವ್ಯುಲಿನಿಕ್ ಆಮ್ಲ ರಕ್ತದಲ್ಲಿ ಏರುತ್ತದೆ. ಮಿದುಳಿನ ಗಾಬಾ ಎಂಬ ಸಂದೇಶವಾಹಕವನ್ನು ಹೋಲುವ ಆ ಆಮ್ಲ ನರಗಳಿಗೂ ಒಳ್ಳೆಯದಲ್ಲ. ಸಾಲದೆಂಬಂತೆ ಸೀಸ ಕ್ಯಾಲ್ಸಿಯಂ ವೇಷವನ್ನೂ ಹಾಕಿ, ನರಕೋಶದಲ್ಲಿ ಕ್ಯಾಲ್ಸಿಯಂ ಮಾತು ಕೇಳುವ ಪ್ರೋಟೀನ್ ಕೈನೇಸ್ ಸಿ ಎಂಬ ಕಿಣ್ವವನ್ನು ಅತಿ ಕಡಿಮೆ ಪ್ರಮಾಣದಲ್ಲೇ ಸುಮ್ಮಸುಮ್ಮನೆ ಚುರುಕುಗೊಳಿಸುತ್ತದೆ. ಅಂದರೆ ವಿಷ ಯಾವಾಗಲೂ ಕೆಲಸ ನಿಲ್ಲಿಸುತ್ತದೆ ಎಂದುಕೊಳ್ಳಬಾರದು, ಬೇಡದ ಹೊತ್ತಿನಲ್ಲಿ ಕೆಲಸ ಮಾಡಿಸುವುದೂ ಉಂಟು.

ಇದರಲ್ಲಿ ಮಿದುಳಿಗೇ ಏಕೆ ಹೆಚ್ಚು ಪೆಟ್ಟು?

ದೇಹದ ತೂಕದಲ್ಲಿ ಮಿದುಳಿನ ಪಾಲು ಸುಮಾರು ಶೇ. 2 ಮಾತ್ರ, ಆದರೆ ಆಮ್ಲಜನಕದಲ್ಲಿ ಸುಮಾರು ಶೇ. 20 ಭಾಗವನ್ನು ಅದು ಬಳಸುತ್ತದೆ. ಶಕ್ತಿ ತಯಾರಿಸುವ ಕಿಣ್ವಕ್ಕೆ ಏನಾದರೂ ಆದರೆ ಮೊದಲು ಗೊತ್ತಾಗುವುದು ಅಲ್ಲೇ. ಸತ್ತ ನರಕೋಶಗಳ ಜಾಗಕ್ಕೆ ಹೊಸವು ಬರುವುದು ತೀರಾ ಅಪರೂಪ. ಮಕ್ಕಳ ಪಾಡು ಇನ್ನೂ ಕಷ್ಟ: ಹೊಟ್ಟೆಗೆ ಹೋದ ಅದೇ ಪ್ರಮಾಣದ ಸೀಸದಲ್ಲಿ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚನ್ನು ಅವರ ದೇಹ ಹೀರಿಕೊಳ್ಳುತ್ತದೆ. ಮಕ್ಕಳಿಗೆ ಇಷ್ಟು ಸೀಸದವರೆಗೆ ಅಪಾಯವಿಲ್ಲ ಎಂಬ ಗೆರೆ ಯಾರಿಗೂ ಸಿಕ್ಕಿಲ್ಲ.

ಹಾಗಾದರೆ ಪಾರ್ಕಿನ್ಸನ್, ಆಲ್ಜೈಮರ್ ಕಾಯಿಲೆಗಳು ಲೋಹದಿಂದಲೇ ಬರುತ್ತವೆಯೇ?

ಹೆಚ್ಚಿನವರ ವಿಷಯದಲ್ಲಿ ಹಾಗೆಂದು ಹೇಳಲು ಆಧಾರವಿಲ್ಲ. ‘ಅರವತ್ತಕ್ಕೆ ಅರಳುಮರಳು’ ಎಂದು ನಗುತ್ತ ಬಿಟ್ಟುಬಿಡುವ ಮರೆವು ಎಷ್ಟೋ ಸಲ ಆಲ್ಜೈಮರ್ ಕಾಯಿಲೆಯೇ ಆಗಿರುತ್ತದೆ. ಆದರೆ ಅದರ ಹಿಂದೆ ವಯಸ್ಸು, ವಂಶವಾಹಿ, ರಕ್ತದೊತ್ತಡ, ಸಕ್ಕರೆ ಕಾಯಿಲೆ ಹೀಗೆ ಹಲವು ಕಾರಣಗಳಿವೆ.

ಲೋಹದ ಪಾತ್ರ ಇಲ್ಲವೇ ಇಲ್ಲ ಎಂದೂ ಹೇಳಲಾಗದು. ಆಲ್ಜೈಮರ್ ರೋಗಿಯ ಮಿದುಳಿನಲ್ಲಿ ಕಾಣುವ, ಅಮಿಲಾಯ್ಡ್ ಎಂಬ ಪ್ರೋಟೀನಿನ ಗಂಟುಗಳಲ್ಲಿ ಸತು, ತಾಮ್ರ, ಕಬ್ಬಿಣ ಮೂರೂ ಸಾಮಾನ್ಯಕ್ಕಿಂತ ಹೆಚ್ಚು ಇರುತ್ತವೆ. ಆ ಅಮಿಲಾಯ್ಡನ್ನು ಒಡೆದು ತೆರವು ಮಾಡುವ ನೆಪ್ರಿಲೈಸಿನ್ ಕಿಣ್ವವೂ ಸತುವಿನ ಕಿಣ್ವವೇ. ಕೈ ನಡುಗಿ ಮೈ ಬಿಗಿಯುವ ಪಾರ್ಕಿನ್ಸನ್ ಕಾಯಿಲೆಯಲ್ಲಿ ಡೋಪಮಿನ್ ತಯಾರಿಸುವ ಕೋಶಗಳು ಸಾಯುವ ಭಾಗದಲ್ಲಿ ಕಬ್ಬಿಣ ಏರಿರುತ್ತದೆ. ಬಿಡಿಯಾಗಿ ಅಲೆಯುವ ಕಬ್ಬಿಣ ಹೈಡ್ರೋಜನ್ ಪೆರಾಕ್ಸೈಡಿನೊಡನೆ ಸೇರಿ, ಮುಟ್ಟಿದ್ದನ್ನೆಲ್ಲ ಸುಡುವ ಹೈಡ್ರಾಕ್ಸಿಲ್ ಕಣಗಳನ್ನು ಹುಟ್ಟಿಸಬಲ್ಲದು. ಇದನ್ನು ಓದಿದ ಯಾರಿಗಾದರೂ ಕಬ್ಬಿಣವನ್ನು ತೆಗೆದುಹಾಕಿದರೆ ಆಯಿತಲ್ಲ ಎನ್ನಿಸುತ್ತದೆ.

ಅದನ್ನೂ ಮಾಡಿ ನೋಡಿದ್ದಾರೆ. 2022ರಲ್ಲಿ ಪ್ರಕಟವಾದ ಯುರೋಪಿನ ಪ್ರಯೋಗದಲ್ಲಿ, ಹೊಸದಾಗಿ ಪಾರ್ಕಿನ್ಸನ್ ಪತ್ತೆಯಾದ 372 ಮಂದಿಯಲ್ಲಿ ಅರ್ಧದಷ್ಟು ಜನರಿಗೆ 36 ವಾರ ಕಬ್ಬಿಣ ಹಿಡಿದು ಹೊರಹಾಕುವ ಡೆಫೆರಿಪ್ರೋನ್ ಮಾತ್ರೆ ಕೊಟ್ಟರು. ಮಿದುಳಿನ ಕಬ್ಬಿಣವೇನೋ ಇಳಿಯಿತು, ಆದರೆ ಆ ರೋಗಿಗಳ ಲಕ್ಷಣಗಳು ಮಾತ್ರೆ ಸಿಗದವರಿಗಿಂತ ಜೋರಾದವು. ಡೋಪಮಿನ್ ತಯಾರಿಸುವ ಕಿಣ್ವಕ್ಕೂ ಕಬ್ಬಿಣ ಬೇಕು ಎಂಬುದನ್ನು ಮೇಲೆಯೇ ಹೇಳಿದ್ದೇನೆ; ಅದನ್ನೂ ಕಸಿದುಕೊಂಡಂತಾಗಿರಬಹುದು ಎಂಬುದು ಒಂದು ವಿವರಣೆ. ಕಾಯಿಲೆಯ ಜಾಗದಲ್ಲಿ ಲೋಹ ಕಂಡಿತೆಂದರೆ ಅದೇ ಕಳ್ಳ ಎಂದು ತೀರ್ಮಾನಿಸುವವರಿಗೆ ನಾನು ಮೊದಲು ಹೇಳುವುದು ಈ ಪ್ರಯೋಗದ ಕಥೆಯನ್ನೇ.

ಸೀಸದ ಬಗ್ಗೆ ಅನುಮಾನ ಇನ್ನೂ ಗಟ್ಟಿಯಾಗಿದೆ. ಅದು ಮೂಳೆಯಲ್ಲಿ ದಶಕಗಟ್ಟಲೆ ಅಡಗಿ ಕೂತು, ಮುಪ್ಪಿನಲ್ಲಿ ಮೂಳೆ ಸವೆದಂತೆ ಮತ್ತೆ ರಕ್ತಕ್ಕೆ ಇಳಿಯುತ್ತದೆ. ಮೂಳೆಯಲ್ಲಿ ಸೀಸ ಹೆಚ್ಚಿದ್ದ ವಯಸ್ಸಾದವರಲ್ಲಿ ನೆನಪಿನ ಶಕ್ತಿ ಬೇಗ ಕುಂದಿದ್ದನ್ನು ಅಧ್ಯಯನಗಳು ಕಂಡಿವೆ. ಭಾರತದಲ್ಲಿ ಸೀಸ ಬೆರೆತ ಪೆಟ್ರೋಲ್ ಮಾರಾಟ ನಿಂತದ್ದು 2000ದಲ್ಲಿ. ಅದಕ್ಕೆ ಮೊದಲು ಸಯ್ಯಾಜಿರಾವ್ ರಸ್ತೆಯ ಹೊಗೆ ಕುಡಿದು ಬೆಳೆದ ನಮ್ಮಂಥವರ ಮೂಳೆಯಲ್ಲಿ ಅದು ಒಂದಿಷ್ಟು ಇದ್ದೇ ಇದೆ.

ಲೋಹದಿಂದಲೇ ಮಿದುಳು ಕೆಟ್ಟದ್ದು ನಿಸ್ಸಂದೇಹವಾಗಿ ಗೊತ್ತಿರುವ ಘಟನೆಗಳೂ ಇವೆ. ಜಪಾನಿನ ಮಿನಮಾಟದಲ್ಲಿ 1956ರಲ್ಲಿ ಬೆಳಕಿಗೆ ಬಂದ ಕಾಯಿಲೆಗೆ, ಕಾರ್ಖಾನೆ ಕೊಲ್ಲಿಗೆ ಬಿಟ್ಟ ಮೀಥೈಲ್ ಪಾದರಸ ಮೀನಿನ ಮೂಲಕ ಜನರ ಹೊಟ್ಟೆ ಸೇರಿದ್ದೇ ಕಾರಣ. ಆದರೆ ಅದು ಆಲ್ಜೈಮರ್ ಅಲ್ಲ. ದೃಷ್ಟಿ, ನಡಿಗೆ, ಮಾತು ಕೆಡುವ ಬೇರೆಯದೇ ಕಾಯಿಲೆ.

ನಮ್ಮ ಮನೆಯವರು ಇಪ್ಪತ್ತು ವರ್ಷದಿಂದ ಗ್ರಿಲ್ ವೆಲ್ಡಿಂಗ್ ಮಾಡುತ್ತಾರೆ, ಈಗ ಕೈ ನಡುಗುತ್ತಿದೆ. ಇದು ಅದರಿಂದಲೇ?

ಮೊದಲು ನರರೋಗ ವೈದ್ಯರಿಗೆ ತೋರಿಸಿ, ಕೆಲಸದ ವಿಚಾರವನ್ನು ಅವರು ಕೇಳದಿದ್ದರೂ ನೀವೇ ಹೇಳಿ. ವೆಲ್ಡಿಂಗ್ ಹೊಗೆಯಲ್ಲಿ ಮ್ಯಾಂಗನೀಸ್ ಇರುತ್ತದೆ. 1837ರಲ್ಲಿ ಗ್ಲಾಸ್ಗೋದ ಜಾನ್ ಕೂಪರ್ ಎಂಬ ವೈದ್ಯರು, ಮ್ಯಾಂಗನೀಸ್ ಅದಿರು ಅರೆಯುವ ಕಾರ್ಮಿಕರಲ್ಲಿ ಕಾಲು ಸೋಲುವುದನ್ನೂ ಮಾತು ತೊದಲುವುದನ್ನೂ ಬರೆದಿಟ್ಟರು. ಪಾರ್ಕಿನ್ಸನ್‌ಗೆ ಆ ಹೆಸರು ಬೀಳುವುದಕ್ಕಿಂತಲೂ ಹಿಂದಿನ ಮಾತಿದು. ಮ್ಯಾಂಗನೀಸ್ ವಿಷದಲ್ಲಿ ಕೈ ನಡುಕಕ್ಕಿಂತ ಬಿಗಿತ, ಹುಂಜದಂತೆ ತುದಿಗಾಲಿನ ನಡಿಗೆ, ಹಿಂದಕ್ಕೆ ಬೀಳುವುದು, ಸ್ವಭಾವದ ಬದಲಾವಣೆ ಹೆಚ್ಚು. ಪಾರ್ಕಿನ್ಸನ್‌ಗೆ ಕೆಲಸ ಮಾಡುವ ಲಿವೊಡೋಪ ಇದಕ್ಕೆ ಅಷ್ಟಾಗಿ ನಾಟುವುದಿಲ್ಲ. ಎಂಆರ್‌ಐ ಚಿತ್ರದಲ್ಲೂ ವ್ಯತ್ಯಾಸ ಕಾಣಬಹುದು. ಶಟರ್ ಅರ್ಧ ಎಳೆದ ಕೋಣೆಯೊಳಗೆ ಕೂತು ವೆಲ್ಡ್ ಮಾಡುವುದನ್ನು ಬಿಟ್ಟು, ಬಯಲಲ್ಲಿ ಗಾಳಿ ಬೆನ್ನಿಗೋ ಪಕ್ಕಕ್ಕೋ ಬೀಸುವಂತೆ ಕೂತು, ಹೊಗೆಯ ಮೇಲೆ ಮುಖ ಬಾಗಿಸದೆ ಕೆಲಸ ಮಾಡಬೇಕು. ಮುಖಕ್ಕೆ ಕಟ್ಟುವ ಟವೆಲ್ ಹೊಗೆಯನ್ನು ತಡೆಯುವುದಿಲ್ಲ.

ಅಲ್ಯೂಮಿನಿಯಂ ಪಾತ್ರೆಯಲ್ಲಿ ಅಡುಗೆ ಮಾಡಿದರೆ ಮರೆವಿನ ಕಾಯಿಲೆ ಬರುತ್ತದೆಯೇ?

ಬರುತ್ತದೆ ಎಂದು ಸಾಬೀತಾಗಿಲ್ಲ. 1970ರ ದಶಕದಲ್ಲಿ ಡಯಾಲಿಸಿಸ್ ನೀರಿನ ಮೂಲಕ ಅಲ್ಯೂಮಿನಿಯಂ ನೇರವಾಗಿ ರಕ್ತಕ್ಕೆ ಸೇರಿದ ಮೂತ್ರಪಿಂಡ ರೋಗಿಗಳಲ್ಲಿ ಮಿದುಳಿನ ಕಾಯಿಲೆ ಕಂಡಿತ್ತು, ಆ ಭಯ ಅಲ್ಲಿಂದ ಅಡುಗೆಮನೆಗೆ ಬಂದಿತು. ಮೂತ್ರಪಿಂಡ ಸರಿಯಿರುವವರಲ್ಲಿ ಊಟದ ಅಲ್ಯೂಮಿನಿಯಂ ಬಹುಪಾಲು ಹೀರಿಕೆಯಾಗದೆಯೇ ಹೊರಹೋಗುತ್ತದೆ. ಹುಳಿ ಅಡುಗೆಯನ್ನು ಅದರಲ್ಲಿ ಇಡೀ ದಿನ ಇಡಬೇಡಿ, ಅಷ್ಟು ಸಾಕು.

ತಾಮ್ರದ ತಂಬಿಗೆ, ಹಿತ್ತಾಳೆ ಪಾತ್ರೆ, ಕಲಾಯಿ?

ತಾಮ್ರದ ತಂಬಿಗೆಯಲ್ಲಿ ರಾತ್ರಿ ಇಟ್ಟ ನೀರು ಆರೋಗ್ಯವಂತರಿಗೆ ತೊಂದರೆ ಮಾಡುವುದಿಲ್ಲ. ಮಜ್ಜಿಗೆ, ನಿಂಬೆಹಣ್ಣಿನ ಪಾನಕ, ಹುಣಸೆಹಣ್ಣಿನ ಸಾರು ಬೇರೆ ಮಾತು: ಹುಳಿ ತಾಮ್ರವನ್ನು ಕರಗಿಸುತ್ತದೆ, ಕಲಾಯಿ ಇಲ್ಲದ ಪಾತ್ರೆಯಲ್ಲಿ ಅಡುಗೆ ಕಿಲುಬುತ್ತದೆ. ನಮ್ಮ ಅಜ್ಜಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು.

ನನಗೆ ಹೆಚ್ಚು ಚಿಂತೆ ಕಲಾಯಿಯದು. ಕಾದ ಪಾತ್ರೆಗೆ ನವಸಾಗರ ಎರಚಿ, ಬಿಳಿ ಹೊಗೆ ಏಳುತ್ತಿದ್ದಂತೆ ಕಡ್ಡಿ ಮುಟ್ಟಿಸಿ ಬಟ್ಟೆಯಿಂದ ಒರೆಸುವಾಗ ಹರಡುವುದು ಶುದ್ಧ ತವರವಾಗಿರಬೇಕು. ಅಗ್ಗವಾಗುತ್ತದೆಂದೂ ಬೇಗ ಕರಗುತ್ತದೆಂದೂ ಅದಕ್ಕೆ ಸೀಸ ಬೆರೆಸಿದ್ದರೆ, ತಾಮ್ರವನ್ನು ತಪ್ಪಿಸಲು ಹೋಗಿ ಅದಕ್ಕಿಂತ ಕೆಟ್ಟದ್ದನ್ನು ತಿಂದಂತಾಗುತ್ತದೆ. ಕಡ್ಡಿಯನ್ನು ಬಿಳಿ ಕಾಗದದ ಮೇಲೆ ಗೀಚಿ ನೋಡಿ. ಸೀಸ ಹೆಚ್ಚಿದ್ದರೆ ಪೆನ್ಸಿಲಿನಂತೆ ಬೂದು ಗೆರೆ ಮೂಡುತ್ತದೆ. ಒಳ್ಳೆಯ ತವರದ ಕಡ್ಡಿಯನ್ನು ಕಿವಿಯ ಹತ್ತಿರ ಹಿಡಿದು ಬಗ್ಗಿಸಿದರೆ ಕಿರಕಿರ ಸದ್ದು ಕೇಳುತ್ತದೆ. ಇವು ಸುಳಿವುಗಳು ಮಾತ್ರ. ಪಕ್ಕಾ ಉತ್ತರ ಪ್ರಯೋಗಾಲಯದಲ್ಲೇ ಸಿಗುವುದು.

ವಿಲ್ಸನ್ ಕಾಯಿಲೆ ಎಂದರೇನು? ನಮ್ಮ ಕಡೆ ಅದರ ಬಗ್ಗೆ ಏಕೆ ಇಷ್ಟು ಒತ್ತಿ ಹೇಳುತ್ತೀರಿ?

ಏಕೆಂದರೆ ಈ ಪುಟದಲ್ಲಿರುವ ನರಗಳ ಕಾಯಿಲೆಗಳಲ್ಲಿ, ಬೇಗ ಹಿಡಿದರೆ ಮನುಷ್ಯನನ್ನು ಪೂರ್ತಿ ಉಳಿಸಿಕೊಳ್ಳಬಹುದಾದದ್ದು ಇದೊಂದೇ. ಮೇಲೆ ಹೇಳಿದ ಕಥೆ ಇಲ್ಲಿ ತಿರುಗುಮುರುಗು: ಸೀಸದ ವಿಷಯದಲ್ಲಿ ಲೋಹ ಬಂದು ಕಿಣ್ವ ಕೆಡುತ್ತದೆ, ಇಲ್ಲಿ ಕಿಣ್ವ ಕೆಟ್ಟಿರುವುದರಿಂದ ಲೋಹ ಸೇರಿಕೊಳ್ಳುತ್ತದೆ. ಯಕೃತ್ತಿನಲ್ಲಿ ಹೆಚ್ಚಾದ ತಾಮ್ರವನ್ನು ಪಿತ್ತದ ಮೂಲಕ ಹೊರದಬ್ಬುವ ಎಟಿಪಿ7ಬಿ ಎಂಬ ಕಿಣ್ವ ಹುಟ್ಟಿನಿಂದಲೇ ದೋಷಪೂರಿತವಾಗಿದ್ದರೆ, ದಿನದ ಊಟದ ತಾಮ್ರವೇ ಮೊದಲು ಯಕೃತ್ತಿನಲ್ಲಿ, ಆಮೇಲೆ ಮಿದುಳಿನಲ್ಲಿ ತುಂಬುತ್ತ ಹೋಗುತ್ತದೆ. ಲಂಡನ್ನಿನ ಕಿನ್ನಿಯರ್ ವಿಲ್ಸನ್ ಇದನ್ನು 1912ರಲ್ಲಿ ವಿವರಿಸಿದರು. 1956ರಲ್ಲಿ ಜಾನ್ ವಾಲ್ಶ್ ಪೆನಿಸಿಲಮೈನ್ ಎಂಬ ಔಷಧಿಯಿಂದ ತಾಮ್ರವನ್ನು ಮೂತ್ರದಲ್ಲಿ ಹೊರಹಾಕಬಹುದೆಂದು ತೋರಿಸಿದರು.

ತಂದೆ, ತಾಯಿ ಇಬ್ಬರಿಂದಲೂ ದೋಷದ ವಂಶವಾಹಿ ಬಂದಾಗ ಮಾತ್ರ ಕಾಯಿಲೆ ಕಾಣುತ್ತದೆ. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿ ನಮ್ಮ ಸೀಮೆಯಲ್ಲಿ ಇನ್ನೂ ಇರುವುದರಿಂದ, ಅಂಥ ಮನೆಗಳಲ್ಲಿ ಇದರ ಸಂಭವ ಹೆಚ್ಚು. ಹತ್ತನೆಯ ತರಗತಿಯಲ್ಲಿ ಮುತ್ತಿನಂತೆ ಬರೆಯುತ್ತಿದ್ದ ಹುಡುಗನ ಅಕ್ಷರ ಪಿಯುಸಿಗೆ ಬರುವಷ್ಟರಲ್ಲಿ ಕೋಳಿ ಕೆದರಿದಂತಾಗುತ್ತದೆ; ಜೊಲ್ಲು ಸುರಿಯುತ್ತದೆ, ಮಾತು ತೊದಲುತ್ತದೆ, ಸುಮ್ಮಸುಮ್ಮನೆ ಸಿಡುಕುತ್ತಾನೆ. ಮನೆಯವರು ಸಹವಾಸ ಕೆಟ್ಟಿತೆಂದುಕೊಳ್ಳುತ್ತಾರೆ, ಇಲ್ಲವೇ ಗಾಳಿ ಸೋಕಿದೆಯೆಂದು ತಾಯತ ಕಟ್ಟಿಸುತ್ತಾರೆ. ಚಿಕ್ಕಂದಿನಲ್ಲಿ ಕಾಮಾಲೆ ಬಂದು ಹೋಗಿದ್ದದ್ದು ಯಾರ ನೆನಪಿಗೂ ಬರುವುದಿಲ್ಲ. ಕಣ್ಣಿನ ವೈದ್ಯರು ಸ್ಲಿಟ್ ಲ್ಯಾಂಪಿನಲ್ಲಿ ನೋಡಿದರೆ ಕಪ್ಪುಗುಡ್ಡೆಯ ಅಂಚಿನಲ್ಲಿ ಹಸಿರುಗಂದು ಉಂಗುರ ಕಾಣಬಹುದು. ರಕ್ತದಲ್ಲಿ ತಾಮ್ರ ಹೊರುವ ಸೆರುಲೋಪ್ಲಾಸ್ಮಿನ್ ಎಂಬ ಪ್ರೋಟೀನನ್ನು, 24 ಗಂಟೆಯ ಮೂತ್ರದಲ್ಲಿ ತಾಮ್ರ ಅಳೆಯಬೇಕು. ಒಬ್ಬರಿಗೆ ಖಚಿತವಾದರೆ ಒಡಹುಟ್ಟಿದವರೆಲ್ಲರನ್ನೂ ಪರೀಕ್ಷಿಸಲೇಬೇಕು, ಏಕೆಂದರೆ ಅವರಲ್ಲಿ ಪ್ರತಿಯೊಬ್ಬರಿಗೂ ನಾಲ್ಕರಲ್ಲಿ ಒಂದು ಪಾಲು ಸಂಭವವಿದೆ. ಮಾತ್ರೆ ಜೀವನಪರ್ಯಂತ, ಚೆನ್ನಾಗಿದ್ದೇನೆಂದು ನಿಲ್ಲಿಸಿದವರು ಮತ್ತೆ ಹಾಸಿಗೆ ಹಿಡಿಯುತ್ತಾರೆ. ಇವರಿಗೆ ತಾಮ್ರದ ತಂಬಿಗೆ ಖಂಡಿತ ಬೇಡ.

ನಾಲೆ ನೀರಿನ ಭತ್ತದಲ್ಲಿ ಲೋಹ ಸೇರುತ್ತದೆಯೇ?

ಮಣ್ಣಿನಲ್ಲಿ ಅಥವಾ ನೀರಿನಲ್ಲಿ ಇದ್ದರೆ ಭತ್ತ ಅದನ್ನು ಎತ್ತಿಕೊಳ್ಳುತ್ತದೆ. ಇಲ್ಲಿ ಒಂದು ಸ್ವಾರಸ್ಯವಿದೆ: ಗದ್ದೆಯಲ್ಲಿ ನೀರು ನಿಂತಷ್ಟೂ ಆರ್ಸೆನಿಕ್ ಸಡಿಲವಾಗಿ ಬೇರಿಗೆ ಸಿಗುತ್ತದೆ, ಕ್ಯಾಡ್ಮಿಯಂ ಗಂಧಕದೊಡನೆ ಗಟ್ಟಿಯಾಗಿ ಮಣ್ಣಲ್ಲೇ ಉಳಿಯುತ್ತದೆ, ನೀರು ಬಸಿದರೆ ಇದು ಅದಲುಬದಲು. ಗಂಗಾ ಬಯಲಿನ ಆರ್ಸೆನಿಕ್ ಸಮಸ್ಯೆಯನ್ನು ಓದಿ ವಿಶ್ವೇಶ್ವರಯ್ಯ ನಾಲೆಯ ಅಕ್ಕಿಗೂ ಅದೇ ಗತಿ ಎಂದು ಹೆದರಬೇಕಿಲ್ಲ. ಕಾರ್ಖಾನೆಯ ನೀರು ಅಥವಾ ನಗರದ ಕೊಳಚೆ ನೇರವಾಗಿ ಹರಿಯುವ ಗದ್ದೆಯಾದರೆ ಮಣ್ಣು ಪರೀಕ್ಷೆ ಮಾಡಿಸುವುದು ಒಳ್ಳೆಯದು. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ ಸೀಸ 0.01, ಕ್ಯಾಡ್ಮಿಯಂ 0.003, ಪಾದರಸ 0.001 ಮಿಲಿಗ್ರಾಂ.

ಭಸ್ಮದ ಔಷಧಿಗಳು?

ನಾಗಭಸ್ಮ ಸೀಸದ್ದು, ರಸಸಿಂಧೂರ ಪಾದರಸದ್ದು, ಹೆಸರಲ್ಲೇ ಇದೆ. ಅಮೆರಿಕದ ಬಾಸ್ಟನ್ ಸುತ್ತಿನ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ಉತ್ಪನ್ನಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇದ್ದುದನ್ನು 2004ರ ಅಧ್ಯಯನ ತೋರಿಸಿತು. ಸಂತೆಯಲ್ಲಿ ಪೊಟ್ಟಣ ಕಟ್ಟಿ ಕೊಡುವ, ಹೆಸರಿಲ್ಲದ ಪುಡಿಯನ್ನು ಬಸುರಿಯರಿಗೂ ಮಕ್ಕಳಿಗೂ ಕೊಡಲೇಬೇಡಿ.

ಯಾವ ಪರೀಕ್ಷೆ ಮಾಡಿಸಬೇಕು? ಲೋಹ ತೆಗೆಯುವ ‘ಡಿಟಾಕ್ಸ್’ ಚಿಕಿತ್ಸೆ ಒಳ್ಳೆಯದೇ?

ಸೀಸಕ್ಕೆ ರಕ್ತನಾಳದಿಂದ ತೆಗೆದ ರಕ್ತ, ಆರ್ಸೆನಿಕ್‌ಗೆ ಮೂತ್ರ. ಕೂದಲಿನ ಪರೀಕ್ಷೆಗೆ ದುಡ್ಡು ಸುರಿಯಬೇಡಿ. ಬಣ್ಣ, ಶಾಂಪೂ, ಧೂಳು ಎಲ್ಲವೂ ಅದರಲ್ಲಿ ಕಾಣುತ್ತವೆ. ಲೋಹ ಹೊರಹಾಕುವ ಔಷಧಿ ಮೊದಲು ಕೊಟ್ಟು ಆಮೇಲೆ ಮೂತ್ರ ಅಳೆದು, ನೋಡಿ ಎಷ್ಟು ವಿಷ ಎಂದು ಹೆದರಿಸುವವರನ್ನು ನಂಬಬೇಡಿ, ಆ ಔಷಧಿ ಕುಡಿದರೆ ಯಾರ ಮೂತ್ರದಲ್ಲೂ ಲೋಹ ಏರುತ್ತದೆ.

ಖಚಿತವಾದ ಸೀಸದ ವಿಷಕ್ಕೆ, ವೈದ್ಯರ ಕಣ್ಣೆದುರಲ್ಲಿ, ಆ ಔಷಧಿಗಳು ಜೀವ ಉಳಿಸುತ್ತವೆ. ಆಲ್ಜೈಮರ್, ಆಟಿಸಂ ಎಂದು ಹೇಳಿ ಕೊಟ್ಟಾಗ ಜೀವ ತೆಗೆದದ್ದೂ ಇದೆ: ಈ ಔಷಧಿಗಳಲ್ಲಿ ಒಂದಾದ ಇಡಿಟಿಎಯ ತಪ್ಪು ಜಾತಿ ರಕ್ತದ ಕ್ಯಾಲ್ಸಿಯಮನ್ನೇ ಎಳೆದುಕೊಂಡು ಹೃದಯ ನಿಲ್ಲಿಸಬಹುದು.

ರಾಗಿಮುದ್ದೆ ತಿಂದರೆ ಲೋಹ ಸೇರುವುದಿಲ್ಲವೇ?

ಅಷ್ಟು ಸುಲಭವಿಲ್ಲ, ಆದರೆ ಪ್ರಶ್ನೆಯಲ್ಲಿ ಹುರುಳಿದೆ. ಕಬ್ಬಿಣದ ಕೊರತೆಯಿರುವವರ ಕರುಳು ಕಬ್ಬಿಣಕ್ಕಾಗಿ ಬಾಗಿಲು ಅಗಲ ತೆರೆದಿಡುತ್ತದೆ, ಅದೇ ಬಾಗಿಲಲ್ಲಿ ಸೀಸ, ಕ್ಯಾಡ್ಮಿಯಂ, ಮ್ಯಾಂಗನೀಸ್ ನುಗ್ಗುತ್ತವೆ. ಕ್ಯಾಲ್ಸಿಯಂ ಕಡಿಮೆಯಿದ್ದಾಗಲೂ ಸೀಸದ ಹೀರಿಕೆ ಹೆಚ್ಚು. ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದೆ; ಜೊತೆಗೆ ಸೊಪ್ಪಿನ ಬಸ್ಸಾರು, ಮೇಲೊಂದು ನಿಂಬೆಹೋಳು ಇದ್ದರೆ ಕಬ್ಬಿಣವೂ ಸ್ವಲ್ಪ ಚೆನ್ನಾಗಿ ಹೀರಿಕೆಯಾಗುತ್ತದೆ. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಮಾತ್ರೆಯನ್ನು ಕಪಾಟಿನಲ್ಲಿ ಕೂಡಿಡಬೇಡಿ.

ನಮ್ಮ ಬೀದಿಯಲ್ಲಿ ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುತ್ತಾರೆ. ಏನು ಮಾಡಬೇಕು?

ಈ ಪುಟದಲ್ಲಿರುವ ಎಲ್ಲ ಪ್ರಶ್ನೆಗಳಲ್ಲಿ ಇದೇ ತುರ್ತಿನದು. ಅಲ್ಯೂಮಿನಿಯಂ ಬಾಣಲೆಯ ಬಗ್ಗೆ ಹತ್ತು ಚೀಟಿ ಬಂದರೆ ಇದರ ಬಗ್ಗೆ ಒಂದು ಬರುತ್ತದೆ. 2022ರ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ನೋಂದಾಯಿತ ಮರುಬಳಕೆದಾರರಿಗೇ ಹೋಗಬೇಕು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಸುತ್ತಲಿನ ಮನೆಗಳ ಆರು ವರ್ಷದೊಳಗಿನ ಮಕ್ಕಳಿಗೆ ರಕ್ತದ ಸೀಸ ಪರೀಕ್ಷೆ ಮಾಡಿಸಿ; ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಮುಟ್ಟಿದರೆ ಮೂಲ ಹುಡುಕಿ ತಡೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಲ್ಲಿಯವರೆಗೆ ಮನೆಯನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ, ಊಟಕ್ಕೆ ಮೊದಲು ಮಕ್ಕಳ ಕೈಯನ್ನು ಸೋಪಿನಿಂದ ತೊಳೆಸಿ. ಆ ಕೆಲಸಕ್ಕೆ ಹೋಗುವವರು ಮನೆಯಲ್ಲಿದ್ದರೆ ಅವರ ಬಟ್ಟೆಯನ್ನು ಹೊರಗಿನ ತೊಟ್ಟಿಯ ಹತ್ತಿರವೇ ಕಳಚಿಸಿ, ಕೂಸಿನ ಬಟ್ಟೆಯ ಜೊತೆ ನೆನೆಸದೆ ಬೇರೆಯಾಗಿ ಒಗೆಯಿರಿ.